ಮೀನುಗಳು ಮೇಲೆ ಬಂದ ಬೆಳಿಗ್ಗೆ

ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆಯಬೇಕೆಂದು ಕೂತಿದ್ದೇನೆ. ಆ ದಿನ ಅಲ್ಲಿದ್ದ ಬಹಳ ಜನ ಅದನ್ನು ಬೇರೆ ರೀತಿ ಹೇಳುತ್ತಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಕಂಡಿತು. ಅದೇ ನನ್ನನ್ನು ಇನ್ನೂ ನಡುಗಿಸುತ್ತದೆ.

ನನ್ನ ಅಕ್ಕನ ಮನೆ ಇರುವುದು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಕ್ಕೆ, ಒಂದು ಬಂಡೆಗುಡ್ಡದ ಬುಡದಲ್ಲಿ. ಅಲ್ಲೊಂದು ಈಶ್ವರನ ಗುಡಿ. ಪೂಜೆ ಭಾವನ ಮನೆತನದ್ದು. ಗುಡಿಯ ಪಕ್ಕಕ್ಕೆ ಕಲ್ಲಿನ ಮೆಟ್ಟಿಲುಗಳ ಕಲ್ಯಾಣಿ, ಅದರ ಆಚೆಗೆ ಅಕ್ಕನ ಮನೆ. ನಾನು ಶಿರಾದಲ್ಲಿ ಪ್ರೈಮರಿ ಶಾಲೆಯ ಟೀಚರು. ಬೇಸಿಗೆ ರಜೆ ಬಂದರೆ ಅಲ್ಲಿಗೆ ಹೋಗಿ ಇದ್ದುಬಿಡುತ್ತೇನೆ.

ಕಲ್ಯಾಣಿಯಲ್ಲಿ ಗೆಂಡೆ ಮೀನುಗಳಿದ್ದವು. ಕೆಲವು ಕಪ್ಪು, ಕೆಲವು ಕಾವಿ ಬಣ್ಣದವು. ಯಾರು ಬಿಟ್ಟರು, ಯಾವಾಗ ಬಿಟ್ಟರು ಎಂದು ಯಾರಿಗೂ ಗೊತ್ತಿಲ್ಲ. ನಮ್ಮದು ಮೀನು ತಿನ್ನುವ ಮನೆತನವಲ್ಲ. ಅಡುಗೆಮನೆಗೆ ಅದು ಬಂದದ್ದೇ ಇಲ್ಲ, ಹಾಗಾಗಿ ನಮಗೆ ಮೀನು ಎಂದರೆ ನೀರಲ್ಲಿ ಓಡಾಡುವ ಜೀವ ಮಾತ್ರ. ಸಂತೆಯಲ್ಲಿ ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರಂತೆ, ಕಣ್ಣು ನೋಡುತ್ತಾರಂತೆ. ನಮಗೆ ಅದೆಲ್ಲ ಗೊತ್ತಿಲ್ಲ. ಗುಡಿಗೆ ಬರುವ ಜನರಲ್ಲಿಯೂ ಬಹುಪಾಲು ನಮ್ಮಂಥವರೇ. ಮೀನಿಗೆ ಹುಷಾರಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯೇ ನಮಗ್ಯಾರಿಗೂ ಎಂದೂ ಬಂದಿರಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು.

ಅಕ್ಕನಿಗೂ ಅದು ಬಂದದ್ದು ಹಿಂದಿನ ಬೇಸಿಗೆಯಲ್ಲಿ. ನೀರು ಇಳಿದಿದೆ ಎಂದು ಭಾವ ಬೋರ್‌ವೆಲ್ ಪೈಪನ್ನು ನೇರ ಕಲ್ಯಾಣಿಗೆ ಬಿಟ್ಟರು. ಹೊಸ ನೀರು ಬಂದರೆ ಮೀನಿಗೆ ಜೀವ ಬರುತ್ತದೆ ಎಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪೈಪಿನ ಬಾಯಿಯ ಹತ್ತಿರವೇ ಕೆಲವು ಮೀನು ಹೊಟ್ಟೆ ಮೇಲಾಗಿ ತೇಲಿದವು. ಅಷ್ಟು ಆಳದಿಂದ ಬರುವ ನೀರಿನಲ್ಲಿ ಗಾಳಿ ಇರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಕ್ಕ ಅದನ್ನು ‘ಉಸಿರಿಲ್ಲದ ನೀರು’ ಎನ್ನುತ್ತಾಳೆ. ಅಂದಿನಿಂದ ಒಂದು ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಗಳದ ತುದಿಗೆ ಕಟ್ಟಿ, ಪೈಪನ್ನು ಅದಕ್ಕೆ ಬಿಡಿಸಿದಳು. ನೀರು ಜರಡಿಯಿಂದ ಬಿದ್ದ ಹಾಗೆ ಎತ್ತರದಿಂದ ಬೀಳುತ್ತಿತ್ತು. ಬೀಳುತ್ತಾ ಗಾಳಿ ಕುಡಿದುಕೊಂಡು ಬರುತ್ತಿತ್ತು.

ಈ ಬೇಸಿಗೆಯಲ್ಲಿ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಅಲ್ಲಿಯ ಬಿಸಿಲು ಬರೀ ಆಕಾಶದಿಂದ ಬರುವುದಲ್ಲ. ಗುಡ್ಡದ ಬಂಡೆ ಹಗಲೆಲ್ಲ ಕಾಯುತ್ತದೆ, ರಾತ್ರಿಯೆಲ್ಲ ಆ ಕಾವನ್ನು ಬಿಡುತ್ತದೆ. ಕಲ್ಯಾಣಿ ಒಲೆಯ ಮೇಲೆ ಇಟ್ಟು ಮರೆತ ಪಾತ್ರೆಯ ಹಾಗೆ ಅದರ ಮಗ್ಗುಲಲ್ಲಿ ಕೂತಿರುತ್ತದೆ. ಇಳಿಹೊತ್ತಿನಲ್ಲಿ ಮೇಲಿನ ಮೆಟ್ಟಿಲಿನ ನೀರಿಗೆ ಕೈ ಇಟ್ಟರೆ ಸ್ನಾನಕ್ಕೆ ಕಾಯಿಸಿದ ನೀರಿನಷ್ಟು ಬಿಸಿ. ಅಕ್ಕ ಪಡುವಣ ದಿಕ್ಕಿಗೆ ಬಿದಿರು ಹಾಯಿಸಿ ತೆಂಗಿನ ಗರಿ ಹೊದಿಸಿದ್ದಳು, ಮೀನು ಬಂದು ನೆರಳಲ್ಲಿ ನಿಲ್ಲಲಿ ಎಂದು. ಬಿದ್ದ ಎಲೆ, ಹೂವು ಕೊಳೆಯುವ ಮೊದಲೇ ಎತ್ತುತ್ತಿದ್ದಳು. ಬೆಳಿಗ್ಗೆ ತಲೆ ಬಾಚಿಕೊಂಡು ಮುಗಿಸುವಷ್ಟರಲ್ಲಿ ತಿಂದು ಖಾಲಿ ಮಾಡುವಷ್ಟೇ ಅಕ್ಕಿತೌಡು ಹಾಕುತ್ತಿದ್ದಳು. ಸೆಕೆ ಜಾಸ್ತಿಯಾದ ದಿನ ಅದೂ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ಅಂಗೈ ಕಾಣುತ್ತದೆಯೇ ನೋಡುವಳು. ಕಾಣದಿದ್ದರೆ ನೀರು ಬಹಳ ಹಸಿರಾಗಿದೆ ಎಂದು ಲೆಕ್ಕ, ಸ್ವಲ್ಪ ತೆಗೆದು ತೋಟಕ್ಕೆ ಬಿಟ್ಟು ಅಷ್ಟೇ ಹೊಸ ನೀರನ್ನು ಡಬ್ಬದಿಂದ ಸುರಿಸುವಳು.

“ಮೊದ್ಲ ಮಳೆ ಬೀಳೋವರ್ಗೂ ಇವನ್ನ ದಾಟಿಸ್ಬುಟ್ರೆ ಸಾಕು ಕಣೆ,” ಎಂದು ನನಗೆ ಹೇಳುತ್ತಿದ್ದಳು. “ಆಮೇಲೆ ಅವು ನನ್ ಮುಖಾನೂ ನೋಡೋದ್ ಬ್ಯಾಡ.”

ಅವಳ ಹತೋಟಿಗೆ ಸಿಗದೆ ಇದ್ದದ್ದು ಒಂದೇ, ಬೆಲ್ಲ. ಮೈಮೇಲೆ ನರಹುಲಿ ಎದ್ದವರು ಆ ಕಲ್ಯಾಣಿಗೆ ಬೆಲ್ಲದ ಉಂಡೆ ಹಾಕುವುದು ಅಲ್ಲಿಯ ಹರಕೆ. ಬೆಲ್ಲ ನೀರಲ್ಲಿ ಕರಗಿದ ಹಾಗೆ ನರಹುಲಿ ಮೈಯಲ್ಲಿ ಕರಗಲಿ ಎಂದು ಬೇಡಿಕೊಂಡು, ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿಂದ ಎಸೆದು, ಹಿಂದಿರುಗಿ ನೋಡದೆ ಹೋಗಬೇಕು. ಮೀನಿಗೆ ಪುರಿ, ಅಂದರೆ ಮಂಡಕ್ಕಿ, ಎರಚುವುದು ಅದರ ಜೊತೆಗಿನ ಪುಣ್ಯ. ಮಳೆಗಾಲದಲ್ಲಿ ತುಂಬಿದ ನೀರಿಗೆ ಇದೆಲ್ಲ ಯಾವ ಲೆಕ್ಕ. ಬೇಸಿಗೆಯಲ್ಲಿ ಸೊಂಟದಷ್ಟು ಉಳಿದ ನೀರಲ್ಲಿ ಅದೇ ಬೆಲ್ಲ ಹುಳಿಯುತ್ತದೆ, ನೀರಿನ ಉಸಿರನ್ನು ತಿಂದುಬಿಡುತ್ತದೆ. ಅಕ್ಕ ಹರಕೆಯವರು ಹೋಗುವುದನ್ನೇ ಕಾದಿದ್ದು, ಅವರು ತಿರುಗಿ ನೋಡುವುದಿಲ್ಲವಲ್ಲ, ಮೆಲ್ಲಗೆ ಇಳಿದು ಕರಗದ ಉಂಡೆಗಳನ್ನು ಆರಿಸಿ ತರುತ್ತಿದ್ದಳು. ಅವನ್ನು ದನಕ್ಕೆ ಹಾಕುವಳು.

“ಜನ ನೋಡಿದ್ರೆ ಏನಂದಾರು?” ಎಂದು ಭಾವ ಕೇಳಿದರೆ, “ನಿಮ್ ಹಸುಗೆ ನರುಲಿ ಬರಕಿಲ್ಲ ಬುಡಿ,” ಎನ್ನುವಳು.

ಆ ತಿಂಗಳ ಅಮಾವಾಸ್ಯೆ ಭಾನುವಾರ ಬಿತ್ತು. ಬಹಳ ಜನ ಬಂದಿದ್ದರು. ಸಂಜೆಯವರೆಗೂ ಜನ ತೆರವಾಗಲಿಲ್ಲ, ಅಕ್ಕನಿಗೆ ನೀರಿಗಿಳಿಯಲು ಆಗಲಿಲ್ಲ. ಮೋಡ ಕವಿದಿತ್ತು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕತ್ತಲಾಗುವಾಗ ಅವಳು ಕೊನೆಯ ಮೆಟ್ಟಿಲಲ್ಲಿ ಕೂತು ಬೊಗಸೆಯಲ್ಲಿ ನೀರೆತ್ತಿ ಮೂಸಿದಳು.

“ಹುಳಿ ವಾಸ್ನೆ ಬತ್ತೈತೆ ಕಣೆ. ನೋಡು.”

ನಾನೂ ಮೂಸಿದೆ. ಹಳಸಿದ ಅಂಬಲಿಯ ವಾಸನೆ. ಇಬ್ಬರೂ ಸೇರಿ ಹೂವಿನ ಬುಟ್ಟಿಯಲ್ಲಿ ತೇಲುತ್ತಿದ್ದ ಪುರಿಯನ್ನು ಬಳಿದು ತೆಗೆದೆವು. ಬೆಲ್ಲ ಕರಗಿಹೋಗಿತ್ತು, ಎತ್ತಲು ಏನೂ ಇರಲಿಲ್ಲ. ಬೋರ್ ಓಡಿಸಲು ತ್ರೀಫೇಸ್ ಕರೆಂಟು ಬೆಳಿಗ್ಗೆಯವರೆಗೆ ಬರುವುದಿಲ್ಲ. ಬೆಳಿಗ್ಗೆ ಬಂದ ತಕ್ಷಣ ಹಾಕೋಣ ಎಂದಳು.

ಬೆಳಿಗ್ಗೆ ಅವಳು ಹಿಂದಿನ ತೋಟದಲ್ಲಿರುವ ಪಂಪಿನ ಮನೆಗೆ ಹೋದಳು. ನಾನು ಹೂವಿನ ಬುಟ್ಟಿ ಹಿಡಿದು ಕಲ್ಯಾಣಿಯ ಕಡೆ ಬಂದೆ. ಗುಡಿಯ ಜಗಲಿಯಲ್ಲಿ ತಂಗಿದ್ದ ಕೆಲವರು ಆಗಲೇ ಮೆಟ್ಟಿಲಲ್ಲಿ ನಿಂತಿದ್ದರು.

ಎಲ್ಲ ಮೀನುಗಳೂ ಮೇಲೆ ಬಂದಿದ್ದವು.

ಆ ಕಲ್ಯಾಣಿಯಲ್ಲಿ ಅಷ್ಟು ಮೀನುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ತಳದಲ್ಲೇ ಇದ್ದು ಬೆನ್ನು ಕೂಡ ತೋರಿಸದಿದ್ದ ದೊಡ್ಡವು, ಕಾವಿ ಕಪ್ಪು ಎನ್ನದೆ ಎಲ್ಲವೂ, ತಲೆಯನ್ನು ನೀರಿನ ಹೊರಗಿಟ್ಟು, ಬಾಯಿ ಮೇಲೆ ಮಾಡಿ, ತೆರೆದು ಮುಚ್ಚುತ್ತಿದ್ದವು. ಒಂದರ ಮಗ್ಗುಲಿಗೆ ಒಂದು, ಅಕ್ಕಪಕ್ಕ ಒತ್ತಿಕೊಂಡು. ನೀರಿನಿಂದ ಒಂದು ಸದ್ದು ಬರುತ್ತಿತ್ತು, ಪಂಕ್ತಿಯಲ್ಲಿ ಕೂತ ಜನ ಸದ್ದು ಮಾಡುತ್ತಾ ಉಣ್ಣುವ ಹಾಗೆ. ಆಗ ತಾನೇ ಮೂಡಿದ ಬೆಳಕು ಆ ಒದ್ದೆ ತಲೆಗಳ ಮೇಲೆ ಬಿದ್ದಿತ್ತು. ಮೊದಲ ಕ್ಷಣ ನನಗೂ ಅದು ಚೆಂದವಾಗಿಯೇ ಕಂಡಿತು.

“ದರ್ಸನ ಕೊಡ್ತಾ ಅವ್ರೆ ನೋಡ್ರಪ್ಪೋ!” ಎಂದು ಒಬ್ಬ ಹೆಂಗಸು ಕೂಗಿದಳು. ಎಲ್ಲರೂ ಕೈ ಮುಗಿದರು. ಅಷ್ಟರಲ್ಲಿ ಮೊದಲ ಬಸ್ಸು ಬಂತು. ಇಳಿದವರು ಚಪ್ಪಲಿ ಬಿಟ್ಟು ಓಡಿ ಬಂದರು. ಫೋನುಗಳು ಮೇಲೆದ್ದವು.

“ನಿನ್ನೆ ಅಮಾಸೆ ಅಲ್ವಾ, ಅದ್ಕೇಯ. ಎಲ್ಲಾ ಒಟ್ಟಿಗೆ ಎದ್ದವೆ.”

“ಸಿವ ಸಿವ ಅಂತಾವೆ ಕಣ್ಲಾ, ಬಾಯಿ ನೋಡು!”

“ನಮ್ ಅತ್ತೆ ಉಪಾಸ ಬುಟ್ಟಾಗ ಇಂಗೇಯ ಬಾಯಿ ಬುಡೋದು,” ಎಂದು ಒಬ್ಬ ಗಂಡಸು ಅಂದ. ಅವನ ಹೆಂಡತಿ ಬೆನ್ನಿಗೊಂದು ಗುದ್ದಿದಳು, ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಯಾರೋ ಪುರಿ ಎರಚಿದರು. ಆಮೇಲೆ ಎಲ್ಲರೂ ಎರಚಿದರು. ಬೆಲ್ಲವೂ ಬಿತ್ತು, ಹರಕೆಯವರದಲ್ಲ, ಬರೀ ಸಂತೋಷದ್ದು. ಇಷ್ಟು ಹತ್ತಿರ ಬಂದ ಮೀನುಗಳಿಗೆ ಏನಾದರೂ ಕೊಡಬೇಕೆಂದು ಎಲ್ಲರ ಕೈಯೂ ಚೀಲದೊಳಗೆ ಹೋಗುತ್ತಿತ್ತು.

ನಾನು ಹತ್ತಿರದಲ್ಲಿದ್ದ ಒಂದು ಮೀನನ್ನೇ ನೋಡುತ್ತಿದ್ದೆ. ದೊಡ್ಡದು, ಕಾವಿ ಬಣ್ಣದ್ದು. ಅದು ಬಾಯಿ ತೆರೆದಾಗ ನೀರಿನ ಜೊತೆ ಒಂದು ಪುರಿ ಒಳಗೆ ಹೋಯಿತು. ಬಾಯಿ ಮುಚ್ಚಿ ತೆರೆಯಿತು. ಪುರಿ ಹಾಗೆಯೇ ಹೊರಗೆ ಬಂತು. ಮತ್ತೆ ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ಮೀನು ಅದನ್ನು ತಿನ್ನುತ್ತಿರಲಿಲ್ಲ. ಬಾಯೊಳಗೆ ಏನಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಅದರ ಪಕ್ಕದ ಮೀನಿಗೂ ಹಾಗೇ, ಅದರ ಪಕ್ಕದ್ದಕ್ಕೂ. ಅಷ್ಟು ಪುರಿಯಲ್ಲಿ ಒಂದನ್ನೂ ಯಾವ ಮೀನೂ ನುಂಗುತ್ತಿರಲಿಲ್ಲ.

ಅಕ್ಕ ತೋಟದ ಕಡೆಯಿಂದ ಬಂದವಳು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಕರೆಂಟು ಬಂದಿರಲಿಲ್ಲ, ಬಂದಾಗ ತಾನೇ ಓಡಲೆಂದು ಸ್ವಿಚ್ಚು ಹಾಕಿಯೇ ಬಂದಿದ್ದಳು. ಅವಳು ಕೂಗಿದಳು.

“ಹಾಕ್‌ಬ್ಯಾಡ್ರಪ್ಪೋ! ಉಸ್ರು ಕಟ್ಟೈತೆ ಅವಕ್ಕೆ! ಹಾಕ್‌ಬ್ಯಾಡ್ರಿ!”

ಹತ್ತಿರವಿದ್ದ ಹೆಂಗಸು ತಿರುಗಿ, “ಹಸ್ದವೆ ಬುಡಿ ಅಮ್ಮಾರೆ. ನೀವು ಹೊಟ್ಟೆಗೆ ಹಾಕ್ದಿದ್ರೆ ನಾವಾದ್ರೂ ಹಾಕ್ತೀವಿ,” ಎಂದಳು. ಪೂಜೆಯವರ ಮನೆಯವಳೆಂದು ಅಕ್ಕನನ್ನು ಅಲ್ಲಿ ಎಲ್ಲರೂ ಅಮ್ಮಾರೆ ಎಂದೇ ಕರೆಯುವುದು. ಆ ಗೌರವಕ್ಕೆ ಏನೂ ಕಡಿಮೆ ಇರಲಿಲ್ಲ. ಮಾತು ಮಾತ್ರ ಯಾರ ಕಿವಿಗೂ ಹೋಗಲಿಲ್ಲ. ಭಾವ ಗರ್ಭಗುಡಿಯಲ್ಲಿ ಅಭಿಷೇಕದಲ್ಲಿದ್ದರು.

ಅಕ್ಕ ಮನೆಯೊಳಗೆ ಓಡಿದಳು. ಬಂದಾಗ ಕೈಯಲ್ಲಿ ಮೊರ ಇತ್ತು, ರಾಗಿ ಕೇರುವ ಮೊರ. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಜನರ ನಡುವೆ ನುಗ್ಗಿ ನೀರಿಗೆ ಇಳಿದಳು. ಸೊಂಟದವರೆಗೆ ಇಳಿದು ಮೊರದಲ್ಲಿ ನೀರನ್ನು ಬಾಚಿ ಆಕಾಶಕ್ಕೆ ಎಸೆಯತೊಡಗಿದಳು. ಮೇಲೆ ಹೋದ ನೀರು ಚೆದುರಿ ಕೆಳಗೆ ಬೀಳುತ್ತಿತ್ತು. ಡಬ್ಬದ ತೂತುಗಳು ಮಾಡುವ ಕೆಲಸವನ್ನು ಅವಳು ಕೈಯಲ್ಲಿ ಮಾಡುತ್ತಿದ್ದಳು. ತುರುಬು ಬಿಚ್ಚಿ ಕೂದಲು ಮುಖಕ್ಕೆ ಅಂಟಿತು. ಪ್ರತಿ ಸಲ ಎಸೆಯುವಾಗ ಬಾಯಿಂದ ‘ಹೂಂ’ ಎಂದು ಬರುತ್ತಿತ್ತು.

ನಗು ನಿಂತಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

“ಮೈದುಂಬ್ತು,” ಎಂದು ಯಾರೋ ಮೆಲ್ಲಗೆ ಅಂದರು. “ಅಮ್ಮಾರ್ ಮೈಮೇಲೆ ಬಂತು.”

ಕೈಗಳೆಲ್ಲ ಮತ್ತೆ ಮುಗಿದವು, ಈ ಸಲ ಅಕ್ಕನಿಗೆ. ಒಬ್ಬ ಮುದುಕಿ ಅಂಚಿಗೆ ಬಂದು, ಮೈಮೇಲೆ ಬಂದವರನ್ನು ಕೇಳುವ ಹಾಗೆ ರಾಗವಾಗಿ ಕೇಳಿದಳು: “ಯಾರು ತಾಯಿ ನೀನು? ಏನಾಗಬೇಕು ನಿಂಗೆ? ಹೇಳ್ಬುಡು, ನಡ್ಸಿಕೊಡ್ತೀವಿ.”

ಅಕ್ಕ ತಲೆ ಎತ್ತಿ ಅವಳನ್ನು ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ. ಅಷ್ಟು ಹೊತ್ತು ಕೂಗಿದ್ದು ಯಾರಿಗೂ ಕೇಳಿಸಿರಲಿಲ್ಲ. ಈಗ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಇಲ್ಲ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ.

“ನೀರ್ ಬಡೀರೋ!” ಎಂದು ಕಿರುಚಿದಳು. “ಇಳೀರಿ! ಎಲ್ಲಾರೂ ನೀರೆತ್ತಿ ಎರಚ್ರಿ! ಬೆಲ್ಲ ಹಾಕಿದ್ರೆ ನೋಡಿ!”

ಅವರು ಇಳಿದರು. ಗಂಡಸರು ಪಂಚೆ ಎತ್ತಿ ಕಟ್ಟಿ ಇಳಿದರು. ಬಿಂದಿಗೆ, ಬಕೆಟ್, ಆರತಿ ತಟ್ಟೆ, ಊಟದ ಡಬ್ಬಿ, ಸಿಕ್ಕಿದ್ದರಲ್ಲಿ ಬಾಚಿ ಎಸೆದರು. ಕೆಲವರು “ಹರ ಹರ” ಎನ್ನುತ್ತಾ ಎಸೆದರು. ನಾನು ಹೂವಿನ ಬುಟ್ಟಿಯಲ್ಲಿ ಪುರಿ ಬಾಚಿ ದಡಕ್ಕೆ ಸುರಿಯುತ್ತಿದ್ದೆ. ಎಷ್ಟು ಹೊತ್ತು ಹೀಗೆ ನಡೆಯಿತೋ. ತೋಟದ ಕಡೆಯಿಂದ ಮೋಟರಿನ ಸದ್ದು ಬಂತು, ಡಬ್ಬದಿಂದ ನೀರು ಸುರಿಯತೊಡಗಿತು.

ಸಣ್ಣ ಮೀನುಗಳು ಡಬ್ಬದ ಕೆಳಗೆ ಬಂದು ಸೇರಿಕೊಂಡವು. ಆಮೇಲೆ ಒಂದೊಂದಾಗಿ ತಲೆ ಒಳಗೆ ಎಳೆದುಕೊಂಡು ತಳಕ್ಕೆ ಹೋದವು. ದೊಡ್ಡವುಗಳಿಗೆ ಆಗಲಿಲ್ಲ. ಮೈ ದೊಡ್ಡದಾದಷ್ಟೂ ಉಸಿರು ಜಾಸ್ತಿ ಬೇಕಂತೆ. ಅವು ಮೊದಲು ಓರೆಯಾದವು, ಮತ್ತೆ ನೇರವಾಗಲು ನೋಡಿದವು, ಮತ್ತೆ ಓರೆಯಾದವು. ನಾನು ನೋಡುತ್ತಿದ್ದ ಕಾವಿ ಬಣ್ಣದ ಮೀನು ಒಬ್ಬ ಗಂಡಸಿನ ತೊಡೆಗೆ ಬಂದು ತಾಗಿ ನಿಂತಿತು. ಅವನು ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದು, “ಏನಾಯ್ತು ಇದ್ಕೆ? ಅಮ್ಮಾರೆ, ಏನಾಯ್ತು ಇದ್ಕೆ?” ಎಂದು ಕೇಳಿದ. ಅತ್ತೆಯ ಉಪವಾಸದ ಮಾತು ಆಡಿದವನೇ ಅವನು. ಅಕ್ಕ ಮೊರವನ್ನು ಇಳಿಸಲಿಲ್ಲ, ನೀರೆಸೆಯುತ್ತಲೇ ಇದ್ದಳು.

ಬಿಸಿಲು ಏರುವ ಹೊತ್ತಿಗೆ ನೀರಿನ ಮೇಲೆ ಬಿಳಿ ಹೊಟ್ಟೆಗಳು ಮಾತ್ರ ಉಳಿದಿದ್ದವು. ಎಣಿಸುವ ಮನಸ್ಸಾಗಲಿಲ್ಲ. ಜನ ಬಟ್ಟೆ ಹಿಂಡಿಕೊಂಡು ಬಸ್ಸಿಗೆ ಹೋದರು. ಸತ್ತ ಮೀನನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಿದ್ದೇ ಇಲ್ಲ. ಭಾವ ಗುಂಡಿ ತೋಡಿದರು, ಅಕ್ಕ, ನಾನು ಇಬ್ಬರೂ ಹೊತ್ತು ತಂದು ಇಟ್ಟೆವು. ಅವು ಭಾರವಿದ್ದವು. ಇಷ್ಟು ಭಾರವಾಗಿ ಬೆಳೆಸಿದ್ದಳು ಎಂದು ನನಗೆ ಕೈಗೆತ್ತಿಕೊಂಡಾಗಲೇ ತಿಳಿದದ್ದು. ಮಣ್ಣು ಮುಚ್ಚಿದ ಮೇಲೆ ಅಕ್ಕ, “ಸಣ್ಣವು ಅವೆ,” ಎಂದಳು.

ಆ ವಾರವೆಲ್ಲ ವೀಡಿಯೋ ಓಡಾಡಿತು. ಶಿರಾದಿಂದ ನನ್ನ ಜೊತೆಯ ಟೀಚರು ನನಗೇ ಕಳಿಸಿದರು, ನಮ್ಮ ಕಡೆಯ ಪವಾಡ ನೋಡಿ ಎಂದು. ಬಾಯಿ ತೆರೆದ ಮೀನುಗಳು, ಮುಗಿದ ಕೈಗಳು, ಕೂದಲು ಬಿಚ್ಚಿ ನೀರೆಸೆಯುವ ಅಕ್ಕ. ಅಲ್ಲಿಗೆ ಮುಗಿಯುತ್ತದೆ. ಬಿಳಿ ಹೊಟ್ಟೆಗಳಿಲ್ಲ. ಅಕ್ಕನ ಕೂಗನ್ನಾದರೂ ಕೇಳೋಣವೆಂದು ಕಿವಿಗೆ ಹಿಡಿದೆ. ಅದೂ ಇಲ್ಲ. ಯಾರೋ ಇಡೀ ವೀಡಿಯೋಗೆ ಒಂದು ಭಕ್ತಿಗೀತೆ ಹಾಕಿದ್ದರು.

ಭಾನುವಾರ ಊಟಕ್ಕೆ ಕೂತಾಗ ಭಾವ ಅಂದರು, “ನಾಳೆ ಸೋಮ್ವಾರ, ಜನ ಬತ್ತಾರೆ. ನೀನು ಒಂದ್ ಮಾತು ಅಂದ್ಬುಡು. ದೇವ್ರ ಅಪ್ಪಣೆ ಆಗೈತೆ, ಬೇಸ್ಗೇಲಿ ಬೆಲ್ಲ ಹಾಕಂಗಿಲ್ಲ ಅಂತ. ನಿನ್ ಮಾತು ಈಗ ಯಾರೂ ಮೀರಕಿಲ್ಲ.”

“ಆಮೇಲೆ ಸೋಮ್ವಾರ ಸೋಮ್ವಾರ ನಾನು ಕೂದ್ಲು ಬಿಚ್ಕೊಂಡು ಕುಣೀಬೇಕಾ?”

“ಮೀನು ಉಳೀತವಲ್ಲೇ.”

“ಅವತ್ತು ನನ್ ಮೇಲೆ ಯಾರೂ ಬಂದಿರ್ಲಿಲ್ಲ ಕಣ್ರಿ,” ಎಂದಳು ಅಕ್ಕ. “ನಾನೇ ಇದ್ದಿದ್ದು. ನಾನ್ ಹೇಳ್ದಾಗ ಕೇಳ್ಲಿಲ್ಲ, ನಾನಲ್ಲ ಅಂದ್ಕೊಂಡ್ ಮೇಲೆ ಕೇಳಿದ್ರು.”

ಮರುದಿನ ಪಾವಗಡದ ಕಡೆಯಿಂದ ಬಸ್ಸು ಹಿಡಿದು ಒಂದು ಗುಂಪು ಹೆಂಗಸರು ಬಂದರು. ಮುಂದಿದ್ದವಳಿಗೆ ಕುತ್ತಿಗೆಯ ಸುತ್ತ ನರಹುಲಿ, ಸೆರಗನ್ನು ಅದರ ಮೇಲೆ ಬಿಗಿಯಾಗಿ ಹೊದ್ದಿದ್ದಳು. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಫೋನು. ನೀರನ್ನು ನೋಡಿದಳು, ಫೋನನ್ನು ನೋಡಿದಳು.

“ಏಮಕ್ಕಾ, ಚೇಪಲು ಎಲ್ಲಿ? ಇದ್ರಾಗೆ ಅಷ್ಟೊಂದ್ ಮೀನು ಅವೆ, ಇಲ್ಲಿ ಒಂದೂ ಇಲ್ಲ? ಆ ಅಮ್ಮ ಎಲ್ಲಿ, ಮೈಮೇಲೆ ಬರೋ ಅಮ್ಮ?”

“ನಾನೇಯ,” ಎಂದಳು ಅಕ್ಕ. “ಮೈಮೇಲೆ ಏನೂ ಬರಕಿಲ್ಲ. ಅವು ದರ್ಶನ ಕೊಟ್ಟಿದ್ದಲ್ಲಮ್ಮ. ನೀರಲ್ಲಿ ಉಸ್ರು ಸಿಕ್ದೆ ಮೇಲೆ ಬಂದು ಬಾಯಿ ಬಿಟ್ಟಿದ್ದು. ನೀನ್ ನೋಡ್ತಿರೋದು ಅವು ಸಾಯೋದು.”

ಆ ಹೆಂಗಸು ಫೋನನ್ನು ಮುಖದ ಹತ್ತಿರಕ್ಕೆ ತಂದು ವೀಡಿಯೋವನ್ನು ಮತ್ತೆ ನೋಡಿದಳು. ಹಾಡು ಮೊಳಗಿತು. ಅವಳು ಅರ್ಧದಲ್ಲೇ ನಿಲ್ಲಿಸಿದಳು. ಅವಳ ಮುಖವನ್ನು ನಾನು ನೋಡುತ್ತಿದ್ದೆ. ಆ ಬೆಳಿಗ್ಗೆ ಪುರಿ ಹೊರಗೆ ಬಂದದ್ದನ್ನು ಕಂಡಾಗ ನನ್ನ ಮುಖವೂ ಹಾಗೇ ಆಗಿರಬೇಕು.

“ಅಯ್ಯೋ ದ್ಯಾವ್ಡಾ,” ಎಂದಳು. “ಇದ್ಕೆ ನಾನು ದಿನಾ ಕೈ ಮುಗೀತಾ ಇದ್ದೆ.”

ಅಕ್ಕ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿ ನೀರಿಗೆ ಮುಟ್ಟಿಸಿದಳು. “ನೋಡು, ಹೆಂಗೆ ಕಾದೈತೆ. ಇದ್ರೊಳ್ಗೆ ಬೆಲ್ಲಾನೂ ಬಿದ್ರೆ ಉಳ್ದಿರೋ ಸಣ್ಣವೂ ಹೋಗ್ತವೆ. ಮಳೆ ಬಂದು ತುಂಬಿದ್ ಮೇಲೆ ಬಾ. ನಾನೇ ನಿಂತು ಹಾಕಿಸ್ತೀನಿ.”

“ಮಳೆ ಬರೋಗಂಟ ಇದ್ನ ಇಟ್ಕೊಂಡ್ ತಿರಗ್ಲಾ?” ಎಂದು ಅವಳು ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. “ನನ್ ಗಂಡ ಪಕ್ಕದಾಗೆ ಕೂರಲ್ಲ ಕಣಕ್ಕ.” ಇಬ್ಬರೂ ಹಾಗೇ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

ಆಗ ಅವರ ಹಿಂದಿನಿಂದ, ಗುಂಪಿನ ಕೊನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಯಾರೋ ಹೆಗಲ ಮೇಲಿಂದ ಎಸೆದ ಬೆಲ್ಲ ಅವರ ತಲೆಯ ಮೇಲೆ ಹಾದು ನೀರಿನ ನಡುವೆ ‘ದುಡುಂ’ ಎಂದು ಬಿತ್ತು. ಎಸೆದವಳು ಪದ್ಧತಿಯಂತೆ ತಿರುಗಿ ನೋಡದೆ ಬಸ್ಸಿನ ಕಡೆಗೆ ನಡೆಯುತ್ತಿದ್ದಳು.

ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಬಿದ್ದ ಜಾಗದಲ್ಲಿ ಬಾಗಿ ತಳವನ್ನು ತಡಕತೊಡಗಿದಳು. ನೀರು ಕಲಕಿತು, ಏನೂ ಕಾಣಲಿಲ್ಲ. ಪಾವಗಡದ ಹೆಂಗಸು ತನ್ನ ಬೆಲ್ಲವನ್ನು ನನ್ನ ಕೈಗೆ ಕೊಟ್ಟಳು, ಅದರ ಮೇಲೆ ಫೋನನ್ನೂ ಇಟ್ಟಳು.

“ಅಲ್ಲಲ್ಲಕ್ಕ, ಇನ್ನೂ ಈ ಕಡೀಕೆ ಬಿತ್ತು, ನಾನ್ ನೋಡ್ದೆ,” ಎಂದು ಹೇಳುತ್ತಾ ಅವಳೂ ಇಳಿದಳು.